ಮಾತ್ರೆ ಕೊಟ್ಟ ಮೈಕಟ್ಟು

ಊರಿನ ಅರ್ಧ ಗಂಡಸರ ಹೊಟ್ಟೆಗೆ ಟೇಪು ಸುತ್ತಿದ ಟೈಲರ್ ಮಹಾಶಯರಿಗೆ ತಮಗೊಂದು ಹೊಟ್ಟೆಯಿಲ್ಲವೆಂಬ ಕೊರಗು ಮೊದಲಿನಿಂದಲೂ ಇತ್ತು. ದಢೂತಿ ಭಾವಮೈದ ಎದುರಾದಾಗಲೆಲ್ಲ, "ಏನು ಭಾವ, ಇಷ್ಟು ಗಾಳಿ ಬೀಸ್ತಿದೆ, ಹೊರಗೆ ಬಂದ್ಬಿಟ್ರಲ್ಲ" ಎನ್ನುತ್ತಿದ್ದ.

ಬಟ್ಟೆಯ ಧೂಳಿಗೆ ಟೈಲರಿಗೆ ಉಬ್ಬಸ ಹತ್ತಿತು. ಡಾಕ್ಟರು ಮಾತ್ರೆ ಬರೆದು, "ಹಸಿವು ಜಾಸ್ತಿ ಆಗುತ್ತೆ, ಮುಖ, ಹೊಟ್ಟೆ ಊದಿಕೊಳ್ಳುತ್ತೆ. ಆಮೇಲೆ ಮಾತ್ರೆ ನಿಧಾನಕ್ಕೆ ಕಡಿಮೆ ಮಾಡ್ತೀನಿ, ಮೈಯೂ ಇಳಿಯುತ್ತೆ" ಎಂದರು. ಹೆಂಡತಿ ಪೂರ್ತಿ ಕೇಳಿಸಿಕೊಂಡಳು. ಟೈಲರು ಮೊದಲರ್ಧ ಮಾತ್ರ ಕೇಳಿಸಿಕೊಂಡರು.

ಕೆನ್ನೆ ತುಂಬಿತು. ಅಂಗಿಯ ಗುಂಡಿಗಳು ಕಾಜಾದೊಂದಿಗೆ ಜಗಳಕ್ಕಿಳಿದವು. ಟೈಲರು ಅಂಗಡಿ ಬಾಗಿಲಲ್ಲಿ ಪಕ್ಕಕ್ಕೆ ತಿರುಗಿ ನಿಲ್ಲತೊಡಗಿದರು (ನೇರ ನಿಂತರೆ ಹೊಟ್ಟೆ ಯಾರಿಗೆ ಕಾಣಬೇಕು?). ಗುಟ್ಟೇನೆಂದು ಕೇಳಿದವರಿಗೆ "ಶಿಸ್ತು" ಎಂದರು. ಮಾತ್ರೆಯ ಸುದ್ದಿ ಎತ್ತಲಿಲ್ಲ. ಭಾವಮೈದನ ಮದುವೆಗೆಂದು ಈ ಭವ್ಯ ಉದರದ ಅಳತೆಗೆ ಸರಿಯಾಗಿ ಒಂದು ಕೋಟನ್ನೂ ಹೊಲಿದುಕೊಂಡರು.

ಅಷ್ಟರಲ್ಲಿ ಉಬ್ಬಸ ಹತೋಟಿಗೆ ಬಂದು ಡಾಕ್ಟರು ಮಾತ್ರೆ ಕಡಿಮೆ ಮಾಡಿದರು.

"ಡಬ್ಬಿಯಲ್ಲಿ ಇನ್ನೂ ಉಳಿದಿದೆಯಲ್ಲೇ. ಮದುವೆ ಮುಗಿಯೋವರೆಗೆ ಮೊದಲಿನ ಹಾಗೇ ನುಂಗಿಬಿಡ್ಲಾ?"

"ಅದೇನು ಮಿಠಾಯಿನಾ, ಉಳೀತು ಅಂತ ತಿನ್ನೋಕೆ?"

"ಕೋಟು ಸಡಿಲ ಆದ್ರೆ?"

"ದಿನಾ ಹಾಕ್ಕೊಂಡು ನೋಡಿ. ಆದಾಗ ಮಾತಾಡೋಣ" ಎಂದು ಹೆಂಡತಿ ಡಬ್ಬಿಯನ್ನು ಬೀರುವಿನಲ್ಲಿಟ್ಟಳು.

ಟೈಲರು ದಿನವೂ ತೊಟ್ಟು ನೋಡಿದರು. ಕೋಟು ಸೊಂಟ ಬಿಟ್ಟು ಅಲುಗಲಿಲ್ಲ. "ನೋಡಿದ್ಯಾ, ಮಾತ್ರೆ ಇಳಿದ್ರೂ ಮೈ ಇಳಿದಿಲ್ಲ. ಇದು ನನ್ನ ಸ್ವಂತ ಸಂಪಾದನೆ" ಎಂದು ಬೀಗಿದರು. ಪ್ಯಾಂಟು ಜಾರಿದ್ದಕ್ಕೆ ಬೆಲ್ಟನ್ನು ಬೈದರು.

ಮದುವೆಗೆ ಎದೆಯುಬ್ಬಿಸಿ, ಅದಕ್ಕಿಂತ ಹೆಚ್ಚು ಹೊಟ್ಟೆಯುಬ್ಬಿಸಿ ಹೋದರು. ಭಾವಮೈದ ಮೇಲಿಂದ ಕೆಳಗೆ ನೋಡಿ, "ಏನು ಭಾವ, ಮತ್ತೆ ಕಡ್ಡಿ ಆಗ್ಬಿಟ್ರಲ್ಲ" ಎಂದ.

"ಕಡ್ಡಿನಾ? ಕೋಟು ನೋಡೋ. ಎಲ್ಲಿ ಸಡಿಲ ಇದೆ, ತೋರಿಸು."

ಅವನು ಕೋಟಿನ ಒಳಮೈಯನ್ನು ಮಗುಚಿದ. ಬದಿಗಳಲ್ಲಿ ಮಡಿಕೆಯ ಮೇಲೆ ಮಡಿಕೆ, ಅದರ ಮೇಲೆ ಪುಟ್ಟ ಪುಟ್ಟ ಕೈಹೊಲಿಗೆ. ಟೈಲರು ಹೆಂಡತಿಯತ್ತ ತಿರುಗಿದರು.

"ಸಡಿಲ ಆಗಿದ್ರೆ ನೀವು ಮಾತ್ರೆಗೆ ಕೈ ಹಾಕ್ತಿದ್ರಿ" ಎಂದಳು ಅವಳು. "ಅದಕ್ಕೇ ನೀವು ಇಳಿದ ಹಾಗೆಲ್ಲ ನಾನು ಹಿಡಿದು ಹೊಲೀತಾ ಬಂದೆ."

ಜೀವಮಾನವೆಲ್ಲ ಪರರ ಹೊಲಿಗೆಯಲ್ಲಿ ಹುಳುಕು ಹುಡುಕಿದವರಿಗೆ, ತಮ್ಮ ಮೈಮೇಲೇ ನಡೆದ ಈ ಕಾಮಗಾರಿ ಗೊತ್ತಾಗಿರಲಿಲ್ಲ. ನೆಂಟರೆಲ್ಲ ಕೋಟನ್ನು ಮಗುಚಿ ಮಗುಚಿ ನೋಡಿ ತಲೆದೂಗಿದರು. ಟೈಲರಿಗೆ ಊಟ ರುಚಿಸಲಿಲ್ಲ.

ಮರುದಿನ ಅಂಗಡಿಯೆದುರು ಭಾವಮೈದನ ಮಾವ ಒಂದು ಸಡಿಲ ಕೋಟು ಹಿಡಿದು ನಿಂತಿದ್ದರು. ಟೈಲರು ಗಂಭೀರವಾಗಿ ಟೇಪು ಬಿಚ್ಚಿದರು.

"ನಿಮಗ್ಯಾಕೆ ತೊಂದ್ರೆ, ಬೇಡಿ" ಎಂದರು ಅವರು. "ಮನೆಯವರು ಇದಾರಾ?"