ಕಪ್ಪು ವೈರಿನ ಉಚ್ಚಾಟನೆ

ಲಾಠಿ ಏಟು ತಿಂದವನು ನಾನು. ನೀರಿನ ಫಿರಂಗಿಯ ಎದುರು ನಿಂತು ಸರ್ಕಾರದ ಖರ್ಚಿನಲ್ಲಿ ಸ್ನಾನ ಮಾಡಿದವನು. ಜೈಲಿನ ಚಹಾ ಕುಡಿದೂ ಬದುಕುಳಿದವನು! ಅಂಥವನಿಗೆ ಹೆಂಡತಿಯ ಗಿಟಾರಿನ ಗುಂಯ್‌ಗುಡುವಿಕೆ ಯಾವ ಲೆಕ್ಕ? ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಮುಷ್ಟಿ ಎತ್ತಿ ಘೋಷಿಸಿಯೇಬಿಟ್ಟೆ: “ಮಧ್ಯಾಹ್ನದೊಳಗೆ ಅದರ ಸದ್ದಡಗಿಸದಿದ್ದರೆ ನನ್ನನ್ನು ಕಹಳೆ ಅಂತ ಕರೀಬೇಡಿ!”

ಕಹಳೆ ಎನ್ನುವುದು ಚಳವಳಿಯ ಗೆಳೆಯರು ಕೊಟ್ಟ ಬಿರುದು. ಮೈಕು ಕೈಕೊಟ್ಟರೂ ಮೈದಾನದ ಕಟ್ಟಕಡೆಯವನಿಗೆ ಕೇಳಿಸುವ ಗಂಟಲು ನನ್ನದು. ಬೀನ್ಸಿನ ನಾರು ತೆಗೆಯುತ್ತಾ ಕೂತಿದ್ದ ಅತ್ತೆ ತಲೆ ಕೂಡ ಎತ್ತಲಿಲ್ಲ.

“ಅಳಿಯಂದಿರೇ, ಆ ಗುಂಯ್ ಆದ್ರೂ ವಾಸಿ. ಸ್ವಿಚ್ ತೆಗೆದ್ರೆ ನಿಲ್ಲುತ್ತೆ,” ಎಂದರು.

ಸಂಗತಿ ಇಷ್ಟು. ನನ್ನ ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂಳೆ ಸವೆಸಿದವಳು. ಊರಿನವರೆಲ್ಲ ಬಾಯಿತುಂಬ ಮಾತಾಡಲಿ ಎಂದು ತಾನು ಬಾಯಿ ಮುಚ್ಚಿಕೊಂಡು ದುಡಿದವಳು. ಮನೆಗೆ ಬಂದರೆ ನಾನು ಮಾತಾಡುತ್ತಿದ್ದೆ, ಆಗಲೂ ಅವಳ ಬಾಯಿಗೆ ಕೆಲಸವಿರಲಿಲ್ಲ. ಅವತ್ತು ಅವಳ ನಿವೃತ್ತಿ. ಸಂಜೆ ಕಚೇರಿಯ ಕ್ಯಾಂಟೀನಿನಲ್ಲಿ ಬೀಳ್ಕೊಡುಗೆ. “ಹೊಗಳಿಕೆ ಬೇಡ, ಹಾರ ಬೇಡ, ಗಿಟಾರ್ ಬಾರಿಸ್ತೀನಿ, ಕೇಳಿಸಿಕೊಂಡು ಮನೆಗೆ ಹೋಗಿ,” ಎಂದು ಸಹೋದ್ಯೋಗಿಗಳಿಗೆ ಮೊದಲೇ ತಾಕೀತು ಮಾಡಿದ್ದಳು. ಕೆಂಪು ಬಣ್ಣದ ಎಲೆಕ್ಟ್ರಿಕ್ ಗಿಟಾರು. ತಲೆ ನರೆತ ಮೇಲೆ ಹಟ ಹಿಡಿದು ಕಲಿತದ್ದು. ಬಾರಿಸಬೇಕೆಂದಿದ್ದ ರಾಗವೂ ಅವಳೇ ಕಟ್ಟಿದ್ದು. ಹಳೆಯ ಫೋನು ಎತ್ತಿದರೆ ಕಿವಿಗೆ ಬೀಳುತ್ತಿತ್ತಲ್ಲ, ಒಂದೇ ಎಳೆಯ ಡಯಲ್ ಟೋನು, ಅದೇ ಸ್ವರದಿಂದ ಶುರು.

“ಆ ಒಂದು ಸ್ವರ ಪೂರ್ತಿ ನಿಶ್ಶಬ್ದದಲ್ಲಿ ಹುಟ್ಟಬೇಕು ಕಣ್ರೀ. ಕೇಳಿದ ತಕ್ಷಣ ನಮ್ಮವರಿಗೆಲ್ಲ ಗೊತ್ತಾಗ್ಬೇಕು. ಹಿಂದೆ ಗುಂಯ್ ಅಂತಿದ್ರೆ ಡಯಲ್ ಟೋನ್ ಯಾವುದು, ದರಿದ್ರ ಯಾವುದು ಅಂತ ಹೇಗೆ ತಿಳಿಯುತ್ತೆ?”

ನ್ಯಾಯವಾದ ಬೇಡಿಕೆ! ಜೊತೆಗೆ ಇನ್ನೊಂದು ಬೇಡಿಕೆಯನ್ನೂ ಇಟ್ಟಳು.

“ನೀವು ಅಲ್ಲಿ ಭಾಷಣ ಮಾಡಬಾರದು.”

“ಎರಡೇ ಮಾತು ಕಣೇ.”

“ನಮ್ಮ ಮದುವೇಲೂ ಎರಡೇ ಮಾತು ಅಂದ್ರಿ. ಬೆಲೆ ಏರಿಕೆ ಇಳಿಸೋ ಹೊತ್ತಿಗೆ ಅನ್ನ ಆರಿಹೋಗಿತ್ತು. ಮಗಳ ಮದುವೇಲಿ ಬೀಗರೇ ಎದ್ದು ಮೈಕಿನ ವೈರ್ ಕಿತ್ತರು.”

“ಕಿತ್ತರೆ ಏನಾಯ್ತು? ಎಲ್ಲರಿಗೂ ಕೇಳಿಸಿತಲ್ಲ!”

“ಅದೇ ಅಲ್ವಾ ಗೋಳು!”

ಭಾಷಣವೇನೋ ಆಗಲೇ ತಯಾರಾಗಿ ಅಂಗಿಯ ಜೇಬಿನಲ್ಲಿ ಬೆಚ್ಚಗೆ ಮಲಗಿತ್ತು. ಹೆಂಡತಿ ಬೇಡ ಎಂದ ಮಾತ್ರಕ್ಕೆ ಹಿಂದೆ ಸರಿದರೆ ಹೋರಾಟಗಾರನ ಮಾನ ಏನಾಗಬೇಕು?

ಗುಂಯ್ ವಿರುದ್ಧದ ಹೋರಾಟ ಬಂದ್‌ನಿಂದ ಶುರುವಾಯಿತು. ಫ್ಯಾನು ಬಂದ್! ಟ್ಯೂಬ್‌ಲೈಟು ಬಂದ್! ಫ್ರಿಜ್ಜು ಬಂದ್! ಆಂಪ್ಲಿಫೈಯರ್ ಪೆಟ್ಟಿಗೆ ಮಾತ್ರ ಹಾಲು ಕರೆಯುವವನಿಗೆ ಕಾದ ಎಮ್ಮೆಯಂತೆ ಗುಂಯ್ ಎನ್ನುತ್ತಲೇ ಇತ್ತು. ಕೊನೆಗೆ ಮೆಟ್ಟಿಲ ಕೆಳಗೆ ತೂರಿ ಮನೆಯ ಮೈನ್ ಸ್ವಿಚ್ಚನ್ನೇ ಕೆಳಕ್ಕೆಳೆದೆ. ಅಬ್ಬಾ! ಮನೆಗೆ ಮನೆಯೇ ತಣ್ಣಗಾಯಿತು.

“ಗೆದ್ದೆವು!” ಎಂದು ಕೂಗಿದೆ.

ಒಳಗಿನಿಂದ ಹೆಂಡತಿಯ ದನಿ ಬಂತು. “ಕರೆಂಟ್ ಇಲ್ಲದೆ ಆಂಪ್ಲಿಫೈಯರ್ರೂ ಸತ್ತಿದೆ ರೀ. ಗೆದ್ದವರು ಯಾರು?”

ಮೈನ್ ಮೇಲಕ್ಕೆತ್ತಿದೆ. ಗುಂಯ್ ಮೇಲಕ್ಕೆದ್ದಿತು.

ಅವಳು ಸಮಾಧಾನದಿಂದಲೇ ವಿವರಿಸಿದಳು. “ಅದಕ್ಕೆ ಅರ್ತ್ ಸಿಗ್ತಿಲ್ಲ, ಅಷ್ಟೇ. ಬೇಡದ ಕರೆಂಟೆಲ್ಲ ಭೂಮಿಗೆ ಇಳಿದು ಹೋಗೋಕೆ ಒಂದು ದಾರಿ ಬೇಕು. ಪ್ಲಗ್ಗಿನ ಮೂರನೇ ಪಿನ್ನು ಇರೋದೇ ಅದಕ್ಕೆ. ನಿಮ್ಮ ಈ ಡಬ್ಬಕ್ಕೆ ಮೂರನೇ ತೂತೇ ಇಲ್ಲ.”

ಡಬ್ಬ! ನೋಡಿ, ಇದನ್ನು ನಾನು ಸಹಿಸಲಾರೆ. ಅವಳು ಡಬ್ಬ ಎಂದದ್ದು ನನ್ನ ಎಕ್ಸ್‌ಟೆನ್ಷನ್ ಬಾಕ್ಸನ್ನು. ಮರದ ಹಲಗೆಗೆ ನಾನೇ ಸಾಕೆಟ್ ಬಡಿದು ಮಾಡಿದ್ದು. ಧರಣಿಯ ಚಪ್ಪರಗಳಲ್ಲಿ ಎಷ್ಟು ಮೈಕುಗಳಿಗೆ ಅದು ಹಾಲೂಡಿಸಿದೆಯೋ! ಪೊಲೀಸರು ಕುರ್ಚಿ ಎತ್ತಿಕೊಂಡು ಹೋದರು, ಬ್ಯಾನರ್ ಎತ್ತಿಕೊಂಡು ಹೋದರು, ನನ್ನನ್ನೇ ಎತ್ತಿಕೊಂಡು ಹೋದರು. ಇದನ್ನು ಮಾತ್ರ ಯಾರೂ ಮುಟ್ಟಲಿಲ್ಲ.

“ಮುಟ್ಟಿದವರಿಗೆ ಶಾಕ್ ಹೊಡೀತಿತ್ತಲ್ಲ, ಅದಕ್ಕೇ,” ಎಂದರು ಅತ್ತೆ.

“ನೀವು ತಲೆ ಕೆಡಿಸ್ಕೋಬೇಡಿ,” ಎಂದಳು ಹೆಂಡತಿ. “ಕ್ಯಾಂಟೀನಲ್ಲಿ ಸರಿಯಾದ ಮೂರು ಪಿನ್ನಿನ ಸಾಕೆಟ್ ಇದೆ. ಅಲ್ಲಿ ತಾನಾಗೇ ಸರಿಹೋಗುತ್ತೆ. ನಾನು ತಲೆಗೆ ಬಣ್ಣ ಹಚ್ಕೋಬೇಕು. ದಯವಿಟ್ಟು ಏನನ್ನೂ ಮುಟ್ಟಬೇಡಿ.”

ಮುಟ್ಟಬೇಡಿ ಎಂದರೆ ಮುಟ್ಟುವುದು, ಬರಬೇಡಿ ಎಂದರೆ ನುಗ್ಗುವುದು, ಇದೇ ನನ್ನ ಜೀವಮಾನದ ಉದ್ಯೋಗ. ಬಚ್ಚಲ ಬಾಗಿಲು ಹಾಕಿದ ಸದ್ದು ಕೇಳಿದ್ದೇ ತಡ, ಸ್ಕ್ರೂಡ್ರೈವರ್ ಹಿಡಿದು ಗಿಟಾರನ್ನು ಬೋರಲು ಮಲಗಿಸಿದೆ. ಬೆನ್ನಿನ ಮುಚ್ಚಳ ತೆಗೆದೆ.

ಒಳಗೆ ನೋಡಿದರೆ, ಅಯ್ಯೋ, ನಮ್ಮ ಸಮಾಜವೇ! ಬಿಳಿ ವೈರು, ಹಳದಿ ವೈರು, ಪಾಪ ತಮ್ಮ ತಮ್ಮ ಗುಂಡಿಗೆ ತಲೆಕೊಟ್ಟು ದುಡಿಯುತ್ತಿವೆ. ನಡುವೆ ಒಂದು ದಪ್ಪ ಕಪ್ಪು ವೈರು. ಎಲ್ಲರೂ ಬಂದು ಅದಕ್ಕೇ ಸಲಾಮು ಹೊಡೆಯಬೇಕು. ಅದು ಮಾತ್ರ ಯಾವ ಗುಂಡಿಗೂ ಹೋಗದೆ, ಯಾವ ಸ್ವಿಚ್ಚಿಗೂ ದುಡಿಯದೆ, ಮರದಲ್ಲಿನ ಒಂದು ತೂತಿಗೆ ನುಸುಳಿ ಮಾಯ! ಇಂಥವರನ್ನು ನಾನು ಬಾಳೆಲ್ಲ ಕಂಡಿದ್ದೇನೆ. ಮಂಡಿಯಲ್ಲಿ ಕಂಡಿದ್ದೇನೆ, ಕಚೇರಿಗಳಲ್ಲಿ ಕಂಡಿದ್ದೇನೆ. ದಲ್ಲಾಳಿ! ಗುಂಯ್‌ಗುಡುತ್ತಿರುವವನು ಇವನೇ!

“ಉಚ್ಚಾಟನೆ!” ಎಂದೆ. ಕತ್ತರಿಸಿದೆ.

ತುಂಡಾದ ತುದಿ ಹಾವಿನ ಹಾಗೆ ಸರಕ್ಕನೆ ತೂತಿನೊಳಕ್ಕೆ ಜಾರಿತು. ಬೆರಳು ತೂರಿಸಿದರೆ ಸಿಗದು, ಇಕ್ಕಳ ತೂರಿಸಿದರೆ ಸಿಗದು. ಹಾಳಾಗಿ ಹೋಗಲಿ ಎಂದು ಮುಚ್ಚಳ ಹಾಕಿ, ಗಿಟಾರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿ, ವಿಜಯೋತ್ಸವಕ್ಕೆಂದು ತಂತಿಯ ಮೇಲೆ ಬೆರಳಿಟ್ಟೆ.

ಗುಂಯ್ಯ್ಯ್ಯ್! ಮೊದಲು ಇದ್ದದ್ದು ಎಮ್ಮೆ. ಈಗ ಬಂದದ್ದು ಎಮ್ಮೆಯ ಮೆರವಣಿಗೆ. ತಂತಿ ಮುಟ್ಟಿದಷ್ಟೂ ಜಾಸ್ತಿ!

ಬಚ್ಚಲ ಬಾಗಿಲು ತೆರೆಯಿತು. ತಲೆ ತುಂಬ ಕಪ್ಪು ಬಣ್ಣ ಮೆತ್ತಿಕೊಂಡ ಹೆಂಡತಿ, ನನ್ನ ಪಕ್ಕದಲ್ಲಿ ಬಿದ್ದಿದ್ದ ಕತ್ತರಿಯನ್ನು ನೋಡಿದಳು.

“ಯಾವ ವೈರ್?”

“ಕಪ್ಪು. ಕೆಲಸವೇ ಮಾಡ್ತಿರಲಿಲ್ಲ ಕಣೇ, ನಾನೇ ಕಣ್ಣಾರೆ...”

“ರೀ, ಅದು ಅರ್ತ್ ವೈರು! ತಂತಿಗಳನ್ನ ಭೂಮಿಗೆ ಸೇರಿಸ್ತಿದ್ದದ್ದೇ ಅದು! ಯಾರಿಗೂ ಕಾಣದ ಹಾಗೆ ಒಳಗೇ ಕೂತು ಎಲ್ಲರ ಗಲಾಟೆಯನ್ನೂ ನುಂಗಿಕೊಳ್ತಿತ್ತು!”

“ನಿನ್ನ ಹಾಗೇ,” ಎಂದು ಅತ್ತೆ ಬೀನ್ಸ್ ತಟ್ಟೆಯ ಹಿಂದಿನಿಂದ ಮಗಳಿಗೆ ಹೇಳಿದರು.

ವಜಾ ಆದ ಕಾರ್ಮಿಕರ ಪರವಾಗಿ ಎಷ್ಟು ಗೇಟುಗಳ ಮುಂದೆ ಕೂತಿದ್ದೇನೋ ನಾನು! ಅಂಥ ನಾನೇ, ಒಂದು ನೋಟಿಸು ಕೊಡದೆ, ವಿಚಾರಣೆ ನಡೆಸದೆ, ಮನೆಯ ಅತ್ಯಂತ ನಿಷ್ಠಾವಂತ ಕೆಲಸಗಾರನನ್ನು ಕತ್ತರಿಯಲ್ಲಿ ಮುಗಿಸಿದ್ದೆ.

ಹೆಂಡತಿ ಬೈಯಲಿಲ್ಲ. ಗಿಟಾರನ್ನು ಎತ್ತಿಕೊಂಡು, ಅತ್ತಿತ್ತ ತಿರುಗಿಸಿ ನೋಡಿ, ಒಂದು ಗಳಿಗೆ ನನ್ನ ಜೇಬನ್ನೂ ನೋಡಿದಳು. ಜೇಬಿನಿಂದ ಭಾಷಣದ ಹಾಳೆ ಇಣುಕುತ್ತಿತ್ತು. “ಸಂಜೆ ಹೊರಡೋ ಮುಂಚೆ ಅಂಗಿ ಬದಲಾಯಿಸ್ಕೊಳ್ಳಿ,” ಎಂದಷ್ಟೇ ಹೇಳಿದಳು. ಅಂಗಿ ಬದಲಾಯಿಸಿದೆ. ಹಾಳೆಯನ್ನೂ ವರ್ಗಾಯಿಸಿದೆ.

ಕ್ಯಾಂಟೀನು ತುಂಬಿತ್ತು. ಮೇಜುಗಳನ್ನೆಲ್ಲ ಗೋಡೆಗೆ ತಳ್ಳಿ, ಎದುರಿಗೆ ಒಂದು ಪುಟ್ಟ ವೇದಿಕೆ, ಅದರ ಮೇಲೆ ಒಂದು ಕುರ್ಚಿ. ಆಂಪ್ಲಿಫೈಯರನ್ನು ಮೂರು ಪಿನ್ನಿನ ಸಾಕೆಟ್ಟಿಗೆ ಹಾಕಿದರು. ಸದ್ದಿಲ್ಲ! ಅವಳು ಹೇಳಿದ್ದು ನಿಜವೇ. ಗಿಟಾರು ಸಿಕ್ಕಿಸಿ ತಂತಿ ಮುಟ್ಟಿದಳು ನೋಡಿ, ಗುಂಯ್ಯ್ಯ್ಯ್! ಮುಂದಿನ ಸಾಲಿನ ಸಾಹೇಬರು ಕೈಯಲ್ಲಿದ್ದ ಚಹಾ ಚೆಲ್ಲಿಕೊಂಡರು.

ಹೆಂಡತಿ ಗಿಟಾರಿನ ಬುಡಕ್ಕೆ ಚುಚ್ಚಿದ್ದ ಕೇಬಲ್ಲಿನ ಲೋಹದ ತುದಿಯನ್ನು ಹಿಡಿದಳು. ಗುಂಯ್ ಮಾಯ. ಬಿಟ್ಟಳು. ಗುಂಯ್ ಹಾಜರ್.

“ನನ್ನ ಮೈಗೆ ಅರ್ತ್ ಸಿಕ್ಕರೆ ನಿಲ್ಲುತ್ತೆ,” ಎಂದಳು. “ಆದ್ರೆ ಒಂದು ಕೈ ಮೀಟೋಕೆ ಬೇಕು, ಇನ್ನೊಂದು ತಂತಿ ಒತ್ತೋಕೆ ಬೇಕು. ಕಪ್ಪು ವೈರಿನ ಹುದ್ದೆ ಖಾಲಿ ಇದೆ. ಬನ್ನಿ, ಕೂತ್ಕೊಳ್ಳಿ.”

“ಎಲ್ಲಿ?”

“ಕೆಳಗೆ. ಒಂದು ಕೈಯಲ್ಲಿ ಕೇಬಲ್ಲಿನ ಈ ಪಿನ್ ಹಿಡೀರಿ.”

“ಇನ್ನೊಂದು ಕೈಯಲ್ಲಿ?”

ಚಪ್ಪಲಿ ಕಳಚಿದಳು. “ಕಾಲು.”

ಓದುಗರೇ, ಮಂತ್ರಿಗಳ ಮುಂದೆ ಬಗ್ಗದ ಸೊಂಟ ಇದು! ಜೈಲರನ ಮುಂದೆ ಮಡಚದ ಮಂಡಿ! ಇಡೀ ಟೆಲಿಫೋನ್ ಇಲಾಖೆಯ ಎದುರು ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಎಡಗೈಯಲ್ಲಿ ಪಿನ್ನು, ಬಲಗೈಯಲ್ಲಿ ಧರ್ಮಪತ್ನಿಯ ಪಾದ ಹಿಡಿದು ಕೂತೆ. ಹಿಡಿದ ಕ್ಷಣವೇ ಕ್ಯಾಂಟೀನಿನ ಗಡಿಯಾರದ ಟಿಕ್‌ಟಿಕ್ ಕೂಡ ಕೇಳುವಷ್ಟು ನಿಶ್ಶಬ್ದ.

ಆಗಲೇ ಸಾಹೇಬರಿಗೆ ಸೌಜನ್ಯ ಉಕ್ಕಬೇಕೆ! “ಮೊದಲು ಯಜಮಾನರಿಂದ ಎರಡು ಮಾತು,” ಎಂದು ಮೈಕನ್ನೇ ನನ್ನ ಮೂಗಿನ ಮುಂದೆ ತಂದಿಟ್ಟರು. ಎದೆ ಉಬ್ಬಿತು. ಹಾಳೆ ತೆಗೆಯಲು ಬಲಗೈ ಬಿಟ್ಟೆ.

ಗುಂಯ್ಯ್ಯ್ಯ್!

“ಕಾಲು ಹಿಡ್ಕೊಳ್ರೀ!” ಎಂದು ಹಿಂದಿನಿಂದ ಯಾರೋ ಕಿರುಚಿದರು.

ಗಾಬರಿಯಲ್ಲಿ ಬಲಗೈ ಕಾಲಿಗೆ ಹಾಕಿ, ಎಡಗೈ ಜೇಬಿಗೆ ಹಾಕಿದೆ. ಗುಂಯ್ಯ್ಯ್ಯ್!

“ಬಿಡ್ಬೇಡಿ! ಬಿಡ್ಬೇಡಿ!” ಈಗ ಹಾಲ್‌ಗೆ ಹಾಲೇ ಚಪ್ಪಾಳೆಯ ತಾಳಕ್ಕೆ ಕೂಗುತ್ತಿತ್ತು. “ಹಿಡೀರಿ ಹಿಡೀರಿ, ಕಾಲು ಹಿಡೀರಿ! ಮುಚ್ಚಿರಿ ಮುಚ್ಚಿರಿ, ಬಾಯಿ ಮುಚ್ಚಿರಿ!” ಬಾಳೆಲ್ಲ ಘೋಷಣೆ ಬರೆದುಕೊಟ್ಟವನು ನಾನು. ಇಷ್ಟು ಒಳ್ಳೆಯ ಘೋಷಣೆ, ಇಷ್ಟು ಒಗ್ಗಟ್ಟಿನಿಂದ, ನನ್ನ ಸಭೆಗಳಲ್ಲಿ ಯಾವತ್ತೂ ಮೊಳಗಿರಲಿಲ್ಲ.

ಹಿಡಿದೆ. ಮುಚ್ಚಿದೆ.

ಅವಳ ಕಾಲು ನಡುಗುತ್ತಿತ್ತು. ಮುಖ ನೋಡಿದರೆ ಕಲ್ಲಿನ ಹಾಗಿದೆ, ಕಾಲು ಮಾತ್ರ ಗುಬ್ಬಿಯಂತೆ ಪತರುಗುಟ್ಟುತ್ತಿದೆ. ಮುಷ್ಟಿ ಬಿಗಿ ಮಾಡಿದೆ. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಆಮೇಲೆ ಆ ಸ್ವರ ಬಂತು. ಒಂದೇ ಎಳೆ. ಕ್ಯಾಂಟೀನಿನ ತುಂಬ ಯಾರೋ ಹಳೆಯ ಫೋನು ಎತ್ತಿದ ಹಾಗೆ. ಹಿಂದಿನ ಸಾಲಿನಲ್ಲಿ ಎಕ್ಸ್‌ಚೇಂಜಿನ ಹಳೆಯ ಹೆಂಗಸೊಬ್ಬಳು “ಹಲೋ” ಎಂದುಬಿಟ್ಟಳು. ಯಾರೂ ನಗಲಿಲ್ಲ. ರಾಗ ಮುಂದೆ ಹೋಯಿತು. ಇಷ್ಟು ವರ್ಷ ಅದೇ ಮನೆಯಲ್ಲಿದ್ದು ನಾನು ಅದನ್ನು ಪೂರ್ತಿ ಕೇಳಿರಲಿಲ್ಲ. ಯಾವಾಗಲೂ ಅರ್ಧದಲ್ಲಿ ನನಗೇನೋ ಹೇಳುವುದಿರುತ್ತಿತ್ತು.

ಚಪ್ಪಾಳೆ ನಿಲ್ಲಲೇ ಇಲ್ಲ. ಅಷ್ಟರಲ್ಲಿ ನನ್ನ ಕಾಲು ಜೋಮು ಹಿಡಿದಿತ್ತು, ನಾಲ್ಕು ಜನ ಸೇರಿ ಎಬ್ಬಿಸಿದರು. ಧರಣಿಯಿಂದ ಎತ್ತುವಾಗ ಪೊಲೀಸರೂ ಅಷ್ಟೇ ಜನ ಬರುತ್ತಿದ್ದರು.

ಚಹಾ ಕುಡಿಯುವಾಗ ಕೇಬಲ್ ವಿಭಾಗದ ಹೆಂಗಸು ಗಿಟಾರನ್ನು ಮುಟ್ಟಿ ನೋಡಿ, ಹೆಂಡತಿಗೆ ಹೇಳಿದಳು. “ಅಲ್ಲಕ್ಕಾ, ತಂತಿ ಕಟ್ಟೋ ಈ ಲೋಹದ ಪಟ್ಟಿಯಿಂದ ಪಿನ್ನಿಗೆ ಒಂದು ತುಂಡು ವೈರ್ ಸುತ್ತಿದ್ರೆ ಸಾಕಿತ್ತಲ್ಲ? ಇವರನ್ನ ಯಾಕೆ ಕೂರಿಸಿದ್ರಿ?”

ಹೆಂಡತಿ ಕೈಚೀಲ ತೆರೆದಳು. ಕನ್ನಡಕದ ಡಬ್ಬಿಯ ಪಕ್ಕದಲ್ಲಿ, ಎರಡೂ ತುದಿ ಕೆರೆದು ತಯಾರು ಮಾಡಿದ್ದ ಒಂದು ತುಂಡು ಕಪ್ಪು ವೈರು ಅಚ್ಚುಕಟ್ಟಾಗಿ ಸುತ್ತಿ ಕೂತಿತ್ತು.

“ಇದು ಇತ್ತಾ ನಿನ್ನ ಹತ್ರ? ಮನೆಯಿಂದ ಹೊರಡುವಾಗಲೇ ಇತ್ತಾ?” ಎಂದೆ.

“ಇತ್ತು,” ಎಂದಳು, ಚಹಾ ಊದಿ ಕುಡಿಯುತ್ತಾ. “ಇದನ್ನ ಹಾಕಿದ್ರೆ ಗಿಟಾರ್ ಮಾತ್ರ ಸುಮ್ಮನಾಗ್ತಿತ್ತು.”