ಮಾವನ ಮನೆಯ ಸಂವಿಧಾನ

ಕೆ. ಹೊಸಕೋಟೆಯ ನಮ್ಮ ಸೋದರಮಾವನ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿಯಬೇಕಾದರೂ ಮೊದಲು ಸಂವಿಧಾನದ ಪೀಠಿಕೆ ಕೇಳಿಸಿಕೊಳ್ಳಬೇಕು. ಅಷ್ಟರಲ್ಲಿ ಕಾಫಿ ಆರಿಹೋದರೆ ಅದು ದೇಶಕ್ಕಾಗಿ ಪ್ರಜೆ ಮಾಡಿದ ತ್ಯಾಗ! ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ನಾನೂ ಆ ಮನೆ ಸೇರಿದೆವು. ಹಾಗಾಗಿ ನಾನು ಬೆಳೆದದ್ದೇ ತಣ್ಣನೆಯ ಕಾಫಿ ಕುಡಿದು.

ಮಾವ ಒಬ್ಬರೇ ಏನನ್ನೂ ತೀರ್ಮಾನಿಸುತ್ತಿರಲಿಲ್ಲ. ಸರ್ವಾಧಿಕಾರ ಆಗಿಬಿಡುತ್ತದಲ್ಲ! ಬೆಳಗಿನ ತಿಂಡಿಗೂ ಎಲ್ಲರ ಕೈ ಎತ್ತಿಸುತ್ತಿದ್ದರು. ಒಮ್ಮೆ ಕಡುಬಿಗೆ ಭಾರೀ ಬಹುಮತ ಬಂತು. ಅತ್ತೆ ಸೆರಗು ಸಿಕ್ಕಿಸಿಕೊಂಡು, "ಕೈ ಎತ್ತಿದೋರೇ ಬಂದು ಕಡುಬು ಕಟ್ಟಿ. ನಂಗೆ ಸೊಂಟ ನೋಯ್ತಾ ಐತೆ" ಎಂದರು. ಆವತ್ತು ಆಡಳಿತ ಪಕ್ಷ ಬ್ರೆಡ್ಡು ತಿಂದಿತು.

ತೋಟಕ್ಕೆ ಆನೆ ನುಗ್ಗಿದ ದಿನ ಊರೆಲ್ಲ ಪಟಾಕಿ ಹುಡುಕುತ್ತಿದ್ದರೆ, ಮಾವ ಅಂಗಳದಲ್ಲಿ ನಿಂತು ಸಂಚಾರ ಸ್ವಾತಂತ್ರ್ಯದ ಬಗ್ಗೆ ಭಾಷಣ ಬಿಗಿಯುತ್ತಿದ್ದರು.

"ಅದು ಪ್ರಜೆ ಅಲ್ಲ ಮಾರಾಯ, ಆನೆ" ಎಂದರು ಪಕ್ಕದ ತೋಟದವರು.

"ಓಟಿಲ್ಲ ಅಂತ ಒದ್ದು ಓಡ್ಸೋದಾ?" ಎಂದರು ಮಾವ.

ಆನೆಯನ್ನು ಒದೆಯುವ ಧೀರ ಯಾರು ಅಂತ ಯಾರೂ ಕೇಳಲಿಲ್ಲ.

ಇಂಥವರ ಯಜಮಾನಿಕೆಯಲ್ಲಿ ನನ್ನ ಮದುವೆ! ಅರಿಶಿನದ ಶಾಸ್ತ್ರಕ್ಕೆ ನನ್ನನ್ನು ಮಣೆಯ ಮೇಲೆ ಕೂರಿಸಿದಾಗ ಹಿರಿಯ ಅಜ್ಜಿಯೊಬ್ಬರು ಶುರುಮಾಡಿದರು: "ಮುತ್ತೈದೇರು ಹಚ್ಲಿ. ಗಂಡ ಇಲ್ದೋಳು ಅರಿಶಿನ ಮುಟ್ಬಾರ್ದು. ಅವ್ಳು ಒಳಗೇ ಇರ್ಲಿ."

ಅವಳು ಎಂದರೆ ನನ್ನ ಅಮ್ಮ. ಬಾಗಿಲಲ್ಲೇ ನಿಂತಿದ್ದಳು. ನನಗೆ ಮೊದಲ ಅರಿಶಿನ ಅವಳ ಕೈಯಿಂದಲೇ ಬೇಕಿತ್ತು. ಹಾಗಂತ ಬಾಯಿಬಿಟ್ಟು ಹೇಳಿದೆ. ನೆಂಟರೊಬ್ಬರು ನಕ್ಕು ಮಾವನ ಕಡೆ ತಿರುಗಿದರು: "ಓಟಿಗೆ ಹಾಕಣ್ಣ, ನಿನ್ ಮನೆ ಪದ್ಧತಿ ಅದೇ ತಾನೆ?"

ಅಮ್ಮ ಬೇಡ ಅನ್ನುವವರ ಕೈಗಳು ಒಂದೊಂದಾಗಿ ಮೇಲೆದ್ದವು. ಅಮ್ಮನ ಕೈಯೂ ಎದ್ದಿತು.

ಮಾವ ಎಣಿಸಲೇ ಇಲ್ಲ. "ಇಳ್ಸಿ ಕೈನ" ಎಂದರು. "ಕಡುಬಿಗೆ ಓಟು ಹಾಕ್ಬೋದು, ಮನುಷ್ಯರ ಮರ್ಯಾದೆಗೆ ಹಾಕಂಗಿಲ್ಲ ಕಣ್ರೀ. ಊರೇ ಒಂದಾದ್ರೂ ಒಬ್ಬಳನ್ನ ಮೂಲೆಗೆ ತಳ್ಬಾರ್ದು ಅಂತ್ಲೇ ಸಂವಿಧಾನ ಬರ್ದಿರೋದು."

ಆಮೇಲೆ ಅರಿಶಿನದ ಬಟ್ಟಲು ತೆಗೆದುಕೊಂಡು ಬಾಗಿಲಿಗೆ ಹೋದರು. ಅವರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಬಾ ಅಕ್ಕ. ನಿನ್ನ ಮಗಳು."

ಅಮ್ಮನ ಬೆರಳು ನನ್ನ ಕೆನ್ನೆ ಮುಟ್ಟಿತು. ನಾನು ಅತ್ತುಬಿಟ್ಟೆ. ಅವಳು ಗಾಬರಿಯಲ್ಲಿ ಅರಿಶಿನದ ಕೈಯಲ್ಲೇ ನನ್ನ ಕಣ್ಣೊರೆಸಿದಳು. ಕಣ್ಣು ಉರಿಯಿತು. ಸಾಕು ಅನ್ನಲು ಮನಸ್ಸಾಗಲಿಲ್ಲ.