ಮಾವನವರ ಕಣ್ಣು ಹುಡುಕಿದ್ದು

ಚಿತ್ರಾ ತಗಿಯೂದು ಕಲಿಯಾಕ ಹ್ವಾದ ಹೆಣಮಗಳ ಮನ್ಯಾಗ ವಾರಕ್ಕೊಂದು ಫಜೀತಿ ಆಗೂದ ನೋಡ್ರಿ, ಅದನ್ನ ಯಾರೂ ತಪ್ಪಸಾಕ ಆಗಂಗಿಲ್ಲ. ಹಾಲು ಉಕ್ಕಿ ಹೋಗ್ತೈತಿ, ರೊಟ್ಟಿ ಕರಕಲಾಗ್ತೈತಿ, ಬಾಗಲಾ ಬಡದವರು ಬಡದು ಬಡದು ಹೊಳ್ಳಿ ಹೋಗ್ತಾರ. ಅಕಿ ಮಾತ್ರ ಕಿಡಕ್ಯಾಗ ನಿಂತು, ಬಂದರದಾಗಿನ ಹಡಗದ ಬಣ್ಣ ಬೂದಿಯೋ ನೀಲಿಯೋ ಅಂತ ನೋಡಕೋತ ಇರ್ತಾಳ. ಆ ಅಕಿ ಅಂದ್ರ ನಾನ.

ನಮ್ಮ ಮನಿ ಗೋವೇದ ವಾಸ್ಕೋದಾಗ, ಮಂಗೋರ್ ಹಿಲ್ ಮ್ಯಾಲ. ಧಾರವಾಡ ಬಿಟ್ಟು ಬಂದು ಭಾಳ ದಿನ ಆತು. ನಮ್ಮನಿಯವರು ಬಂದರದ ಹತ್ರ ಒಂದು ಆಫೀಸಿನ್ಯಾಗ ಅದಾರ. ಜೋಡೀಲೆ ನಮ್ಮ ಅತ್ತಿಯವರು. ಮಾವನವರು ತೀರಿಕೊಂಡು ವರ್ಷಗಟ್ಟಲೆ ಆತು. ಅವರದೊಂದು ಹಟ ಇತ್ತು. ಕ್ಯಾಮೆರಾ ಮನಷ್ಯಾನ ಕಣ್ಣಿನ ತೇಜಾ ಎಳಕೊಂತೈತಿ ಅಂತ ಅವರ ನಂಬಿಕಿ. ಫೋಟೋದವ "ರೆಡಿ" ಅಂದ ಕೂಡ್ಲೆ ಗಪ್ಪಂತ ಕಣ್ಣು ಮುಚ್ಚತಿದ್ರು. ನಮ್ಮ ಲಗ್ನದ ಆಲ್ಬಮ್ ತುಂಬ ಮಾವನವರು ನಿಂತ ನಿಂತ ನಿದ್ದಿ ಮಾಡ್ಯಾರ.

ಹಿಂಗಾಗಿ ನಮ್ಮ ಗ್ವಾಡಿ ಮ್ಯಾಲ ಅವರ ಫೋಟೋನ ಇದ್ದಿದ್ದಿಲ್ಲ. ಒಂದಿನ ಬಾಗಲಾ ಮುಂದ ನಾ ಹಾಕಿದ ರಂಗೋಲಿ ನೋಡಕೋತ ಅತ್ತಿ ಅಂದ್ರು, "ಇಷ್ಟ ಚಂದ ನವಲು ತಗೀತಿ. ಅವರನ್ನೊಂದು ತಗಿಯಾಕ ಬರಂಗಿಲ್ಲೇನವಾ ನಿನಗ? ಕಣ್ಣು ತೆರದಿದ್ದು? ಮುಂಜಾನೆ ನಾ ಹೂವು ಏರಸೂ ಮುಂದ ಅವರೂ ನನ್ನ ನೋಡಬೇಕು." ಆಮ್ಯಾಲ ಸಣ್ಣ ದನೀಲೆ ಅಂದ್ರು, "ಅವರ ಕಣ್ಣು ಹೆಂಗಿದ್ವು ಅಂಬೂದ ನನಗ ಮರತ ಹೊಂಟೈತಿ."

ಆ ಮಾತು ಕೇಳಿದ ಮ್ಯಾಲ ನಾ ತಡಾ ಮಾಡಲಿಲ್ಲ. ಮುಂದಿನ ಶನಿವಾರನ ಡ್ರಾಯಿಂಗ್ ಕ್ಲಾಸಿಗೆ ಹೆಸರು ಹಚ್ಚಿದೆ.

ಗಿಣಿ

ಕ್ಲಾಸು ಅಂದ್ರ ರಿಟೈರಾದ ಒಬ್ಬ ಗೋವೇದ ಡ್ರಾಯಿಂಗ್ ಸರ್ ಮನಿ ಪಡಸಾಲಿ. ಕೆಂಪು ನೆಲ, ಅಂಗಳದಾಗ ದೊಡ್ಡ ಮಾವಿನ ಗಿಡ, ಎಲಿ ಸಂದೀಲೆ ಸೋಸಿ ಬೀಳೂ ಬಿಸಲು. ಅಲ್ಲಿ ಕುಂತ್ರ ತಾಸು ಹ್ವಾದದ್ದ ತಿಳಿಯಂಗಿಲ್ಲ. ಸರ್ ಒಂದು ಸ್ಟೂಲಿನ ಮ್ಯಾಲ ನೀರಿನ ತಾಂಬ್ಯಾ ಇಟ್ರು, ಬಾಜೂಕ ಒಂದು ಲಿಂಬಿಕಾಯಿ ಇಟ್ರು. "ತಗೀರಿ" ಅಂದ್ರು.

ಎಲ್ಲಾರೂ ಖುರ್ಚಿ ಮ್ಯಾಲ ಕುಂತು ಸುರು ಮಾಡಿದ್ರು. ನಾ ಕಾಗದಾ ನೆಲದ ಮ್ಯಾಲ ಹಾಸಿ, ಕುಕ್ಕರಗಾಲೀಲೆ ಕುಂತು, ಸಾಲಿಗೆ ಸಾಲು ಚುಕ್ಕಿ ಇಡಾಕ ಹತ್ತಿದೆ. ಚುಕ್ಕಿ ಇಲ್ದ ನನ್ನ ಕೈ ಓಡಂಗಿಲ್ರಿ, ಸಣ್ಣಾಕಿದ್ದಾಗಿಂದ ಹಂಗ ರೂಢಿ.

ಸರ್ ಬಗ್ಗಿ ನೋಡಿದ್ರು. "ಬಾಯ್, ಇದೇನು?" ಇಲ್ಲಿ ಹೆಣಮಕ್ಕಳನ್ನ ಹಂಗ ಕರೀತಾರ.

"ಚುಕ್ಕಿ ಸರ್. ತಡೀರಿ, ಇದರಾಗ ತಾಂಬ್ಯಾ ಬರ್ತೈತಿ."

ಬಂತು. ಎಡಕ್ಕ ಹೆಂಗೋ ಬಲಕ್ಕ ಹಂಗ, ಸುತ್ತಲೂ ಕಮಲದ ಎಸಳು. ಸರ್ ಒಮ್ಮೆ ಸ್ಟೂಲ್ ನೋಡಿದ್ರು, ಒಮ್ಮೆ ಕಾಗದಾ ನೋಡಿದ್ರು, ಮತ್ತ ಸ್ಟೂಲ್ ನೋಡಿದ್ರು.

"ತಾಂಬ್ಯಾ ಐತಿ, ಲಿಂಬಿಕಾಯಿ ಐತಿ. ಈ ಎರಡು ಗಿಣಿ ಎಲ್ಲಿಂದ ಬಂದ್ವು?"

"ಅವು ಇರ್ತಾವ್ರಿ ಸರ್," ಅಂದೆ. "ಯಾವಾಗ್ಲೂ ಇರ್ತಾವ."

ಸರ್ ತಮ್ಮ ಕಣ್ಣಿಗೆ ಬಟ್ಟು ಹಚ್ಚಿ "ಪಳೆ, ಬಾಯ್, ಪಳೆ" ಅಂದ್ರು. ಕೊಂಕಣ್ಯಾಗ ನೋಡು ಅಂತ. "ಮೊದಲ ನೋಡು. ಏನೈತಿ ಅದನ್ನ ತಗಿ."

ನನಗೊಂದು ಸಂಶೇ ಇತ್ತು, ಕೇಳೇ ಬಿಟ್ಟೆ. "ಮುಂದ ಇಟಗೊಂಡು ನೋಡಿ ತಗದ್ರ ಅದು ಕಾಪಿ ಹೊಡದಂಗಲ್ಲೇನ್ರಿ? ಅದರಾಗ ಕಲಾ ಏನು ಬಂತು?"

"ಬ್ಯಾಳಿ ಇಲ್ದ ಸಾರು ಮಾಡ್ತೀಯೇನು ಬಾಯ್?" ಅಂದ್ರು ಸರ್. ಅವತ್ತಿನಿಂದ ಪ್ರತಿ ಶನಿವಾರ ನನ್ನ ಕಾಗದಾ ನೋಡೂಕಿಂತ ಮೊದಲ ಕೇಳವರು, "ಇವತ್ತು ಗಿಣಿ ಬಂದಾವೇನು?"

ಮೊದಲ ಬಹುಮಾನ

ಒಂದು ವಾರ ಸರ್ ಬಾಳಿಎಲಿ ಮ್ಯಾಲ ಒಂದು ಬಾಂಗಡೆ ಮೀನಾ ತಂದಿಟ್ರು. ನಮ್ಮದು ಉಳ್ಳಾಗಡ್ಡಿಗೂ ಸೋಮವಾರ ಸೂಟಿ ಕೊಡೂ ಮನಿ. ನಾ ಪಡಸಾಲಿ ಆ ತುದಿಗೆ ಹೋಗಿ ಕುಂತೆ. ಅಲ್ಲಿಂದ ಮೀನಾ ಯಾವುದು, ಬಾಳಿಎಲಿ ಯಾವುದು ಗೊತ್ತಾಗವಲ್ದು.

"ಹತ್ರ ಬಾ ಬಾಯ್, ಕಚ್ಚಂಗಿಲ್ಲ."

ಸೆರಗಲೆ ಮೂಗು ಮುಚಗೊಂಡು ಒಂದ ಕೈಲೆ ತಗಿಯಾಕ ಹತ್ತಿದೆ. ಏನಂತ ಹೇಳ್ಲಿರಿ, ಅದರ ಬೆನ್ನಿನ ಮ್ಯಾಲ ಹಸರೈತಿ, ನೀಲಿ ಐತಿ, ನಡುವ ತೆರಿ ಬಂದು ಹೋದಂಗ ಗೆರಿ ಅದಾವ. ಸಮುದ್ರಾನ ಅಲ್ಲಿ ಸಣ್ಣದಾಗಿ ಮಲಗಿತ್ತು. ಸೆರಗು ಯಾವಾಗ ಜಾರಿತೋ, ಹೊತ್ತು ಯಾವಾಗ ಏರಿತೋ, ನನಗ ಖಬರಿಲ್ಲ.

ಸರ್ ಬಂದು ನೋಡಿದ್ರು. "ಎಲ್ಲಾ ಚಲೋ ಐತಿ. ಆದ್ರ ಸತ್ತೈತಿ."

"ಸರ್, ಅದು ಖರೇನ ಸತ್ತೈತ್ರಿ."

"ಕಣ್ಣಾಗ ಬೆಳಕಿಂದೊಂದು ಚುಕ್ಕಿ ಬಿಡು. ಚುಕ್ಕಿ ಇಡಾಕ ನಿನಗ ಬರ್ತೈತಲ್ಲ?"

ರಬ್ಬರಿನ ತುದೀಲೆ ಕರೀ ಕಣ್ಣಾಗ ಸಣ್ಣ ಬಿಳೇ ಚುಕ್ಕಿ ತಗದೆ. ಯವ್ವಾ! ಮೀನಾ ನನ್ನ ಕಡೆ ತಿರುಗಿ ನೋಡ್ತು.

ಆ ಕಾಗದಾ ಹಿಡಕೊಂಡು ಮನಿಗೆ ಬಂದ್ರ, ಅತ್ತಿ ಒಳಗಿಂದನ ಚೀರಿದ್ರು. "ಮೊದಲ ಅದನ್ನ ಹೊರಗ ಒಯ್ಯಿ! ವಾಸನಿ ಬರಾಕತ್ತೈತಿ!"

ನಮ್ಮನಿಯವರು ಕಾಗದಾ ಮೂಸಿ ನೋಡಿದ್ರು. "ಅವ್ವಾ, ಇದು ಪೆನ್ಸಿಲ್ ಚಿತ್ರ."

"ಪೆನ್ಸಿಲ್ಲರ ಇರ್ಲಿ, ಏನರ ಇರ್ಲಿ. ವಾಸನಿ ಮೀನಿಂದ!"

ನನ್ನ ಕಲಾಕ್ಕ ಬಂದ ಮೊದಲ ಬಹುಮಾನ ಅದ ನೋಡ್ರಿ. ಮೂಗು ಮುಚಗೊಂಡು ಕೊಟ್ಟದ್ದು.

ಅತ್ತಿಯವರ ಸಾಕ್ಷಿ

ಮೀನಿನ ಕಣ್ಣು ತೆರದ ಮ್ಯಾಲ ಧೈರ್ಯಾ ಬಂತು. ಆಲ್ಬಮ್ ಮುಂದ ಇಟಗೊಂಡು ಮಾವನವರ ಚಿತ್ರಾ ಸುರು ಮಾಡಿದೆ. ತಲಿ ರುಮಾಲ ಬಂತು, ಹಣಿ ಬಂತು, ಮೀಸಿ ಅಂತೂ ಅಗದೀ ಜೋರ ಬಂತು. ಕಣ್ಣಿನ ಜಾಗಾದಾಗ ಮಾತ್ರ ಬಿಳೇ ಕಾಗದಾ ಉಳೀತು. ನನಗೂ ನಮ್ಮನಿಯವರಿಗೂ ಸರಿಯಾಗಿ ನೆನಪಿಲ್ಲ; ಆ ಕಣ್ಣನ್ನ ಹತ್ರಿಂದ ಕಂಡವರು ಅತ್ತಿ ಒಬ್ಬರ. ಅವರನ್ನ ಕೇಳಿದೆ.

"ಅತ್ತೀ, ಮಾವನವರ ಕಣ್ಣು ದೊಡ್ಡೂವೋ ಸಣ್ಣೂವೋ?"

"ಯಾರು ನೋಡ್ಯಾರ?"

"ಅಂದ್ರ? ಇಷ್ಟು ವರ್ಷ ಬಾಳೇ ಮಾಡೀರಲ್ರಿ!"

"ಬಾಳೇ ಮಾಡಿದ್ರ? ನಮ್ಮ ಕಾಲದಾಗ ಗಂಡನ ಮಾರಿ ಎದರಾ ಎದರ ನೋಡ್ತಿದ್ವೇನು? ಸೆರಗು ಹೊತ್ತು, ತಲಿ ತಗ್ಗಿಸಿ ಬಡಸಾಕಿ ನಾ. ಕಾಲು ಕೇಳು, ಹೇಳ್ತೇನಿ."

ಹೇಳಿದ್ರು ನೋಡ್ರಿ! ಎಡಗಾಲಿನ ಹೆಬ್ಬಟ್ಟಿನ ಉಗುರು ಸೀಳಿದ್ದು, ಕೆರಾ ಕಚ್ಚಿದ ಗುರ್ತು, ಹಿಮ್ಮಡದ ಬಿರುಕು, ಕಿರುಬಟ್ಟು ಸ್ವಲ್ಪ ಬಾಜೂಕ ವಾಲಿದ್ದು. ನಾ ಅವರು ಹೇಳಿದಂಗ ತಗದೆ. ನೋಡಿದ್ರೋ ಇಲ್ಲೋ, "ಇವ ಕಾಲು! ಅಗದೀ ಇವ!" ಅಂತ ಅತ್ತಿ ಆ ಕಾಗದಾಕ್ಕ ಕೈ ಮುಟ್ಟಿಸಿ ಕಣ್ಣಿಗೆ ಹಚಗೊಂಡ್ರು.

ನನಗೂ ಭಾಳ ಹೆಮ್ಮಿ ಆತು. ಶನಿವಾರ ಒಯ್ದು ಸರ್‌ಗೆ ತೋರಿಸಿದೆ. ಅವರು ಮೂಗಿನ ಮ್ಯಾಲ ಚಾಳೀಸು ಏರಿಸಿ, ಭಾಳ ಹೊತ್ತು ನೋಡಿ ಹೇಳಿದ್ರು, "ಬಾಯ್, ಮಾರಿ ಚಿತ್ರಾ ತಗಿಯವರು ಸಾಮಾನ್ಯ ಮ್ಯಾಲಿಂದ ಸುರು ಮಾಡ್ತಾರ."

ಕಣ್ಣಿನ ಪಾಲು

ನಮ್ಮನಿಯವರು ಒಂದು ಹಾದಿ ಹುಡುಕಿದ್ರು. ಫೋನಿನ್ಯಾಗ ಬೀಗರು ಬಿಜ್ಜರು ಎಲ್ಲಾರೂ ಇರೂ ಗ್ರೂಪ್ ಐತಲ್ಲ, ಅದರಾಗ ಹಾಕಿದ್ರು: "ಅಪ್ಪನ ಕಣ್ಣು ಯಾರಿಗೆ ಬಂದಾವ? ಕಣ್ಣಿಂದಷ್ಟ ಫೋಟೋ ಕಳಸ್ರಿ, ಚಿತ್ರಾ ತಗಿಯಾಕ ಬೇಕಾಗ್ಯಾವ."

ಅವತ್ತು ಸಂಜೀಕ ನಾ ಗಚ್ಚಿ ಮ್ಯಾಲ ಕುಂತಿದ್ದೆ. ದೂರ ಸಮುದ್ರದಾಗ ಹಡಗದ ದೀಪಾ ಒಂದೊಂದ ಹತ್ತಾಕತ್ತಿದ್ವು. ಇತ್ತ ನನ್ನ ಕೈಯಾಗ ಒಂದೊಂದ ಕಣ್ಣು ಬರಾಕತ್ತಿದ್ವು. ಬೆಳಗಾವ್ಯಾಗಿನ ನಾದಿನಿ ಹುಬ್ಬು ತೀಡಿಸಿಕೊಂಡು ಬಂದು ಕಳಿಸಿದ್ಲು. ಹುಬ್ಬಳ್ಳಿ ಸಣ್ಣ ಮಾವ, ಅಂದ್ರ ಮಾವನವರ ತಮ್ಮ, ಕಣ್ಣಿನ ಆಪರೇಶನ್ನಿನ ಮೊದಲಿಂದೊಂದು, ಆಮ್ಯಾಲಿಂದೊಂದು, ಎರಡೂ ಕಳಿಸಿದ್ರು. ಅರ್ಧಾ ಮಾರಿ ಇಲ್ದ ನೆಂಟರೆಲ್ಲಾ ಫೋನಿನ್ಯಾಗಿಂದ ನನ್ನ ನೋಡಾಕತ್ತಿದ್ರು. ಕನಸೋ ಖರೇನೋ ತಿಳಿಯದಂಗಾತು.

ಒಂದೊಂದ ಹಚ್ಚಿ ನೋಡಿದೆ. ನಾದಿನಿ ಕಣ್ಣು ಹಚ್ಚಿದ್ರ, ಅತ್ತಿ "ಮೀಸಿ ಹಚಗೊಂಡ ನನ್ನ ಮಗಳು" ಅಂದ್ರು. ಸಣ್ಣ ಮಾವನ ಕಣ್ಣು ಹಚ್ಚಿದ್ರ ಸಿಟ್ಟಿಗೆದ್ರು. "ಇವ ನನ್ನ ಮೈದುನ. ಇವನ್ನ ಗ್ವಾಡಿಗೆ ಹಾಕಿ ದಿನಾ ಮಾಲಿ ಏರಸ್ಲೇನು? ಇನ್ನ ಗಟ್ಟಿಮುಟ್ಟ ಅದಾನಲ್ಲವಾ!"

ಅಷ್ಟರಾಗ ಗ್ರೂಪಿನ್ಯಾಗ ಕದನ ಸುರುವಾತು. ಅಪ್ಪನ ಕಣ್ಣು ನನಗ ಬಂದಾವ, ನಿನಗೆಲ್ಲಿ ಬಂದಾವ, ನಿನ್ನವು ಅವ್ವನವು, ಅಂತ. ಹೊಲಾ ಹಂಚಿಕೊಳ್ಳೂ ಮುಂದ ಒಂದು ಮಾತು ಆಡದ ಮಂದಿ ಕಣ್ಣಿನ ಪಾಲಿಗೆ ಒಬ್ಬರಿಗೊಬ್ಬರು ಮಾತು ಬಿಟ್ರು.

ಉಪ್ಪು

ಇಷ್ಟೆಲ್ಲಾ ಆದಮ್ಯಾಲ ಅತ್ತಿ ಒಂದು ಮಧ್ಯಾಹ್ನ ಅಕ್ಕಿ ಹಸನ ಮಾಡಕೋತ ಅಂದ್ರು, "ಸಾಕು ಬಿಡವಾ. ಕಣ್ಣು ಮುಚ್ಚಿದ್ದನ್ನ ಹಾಕೂಣು. ನನ್ನ ಹಣ್ಯಾಗ ಅಷ್ಟ ಬರದೈತಿ."

ನನಗ ಅಳೂನ ಬಂತು. ಮುದಿಕಿ ಬೇಡಿದ್ದು ಬಂಗಾರಲ್ಲ, ಪತ್ತಲಲ್ಲ, ಎರಡು ಕಣ್ಣು. ಅವನ್ನೂ ಕೊಡಾಕ ಆಗಲಿಲ್ಲಲ್ಲ ಅಂತ.

"ಅತ್ತೀ, ಒಂದ ಸಲರ, ಮಾವನವರು ನಿಮ್ಮನ್ನ ನೋಡಿದ್ದು ನೆನಪ ಇಲ್ಲೇನ್ರಿ?"

ಅಕ್ಕಿ ಮರದಾಗ ಆಡೂ ಕೈ ನಿಂತ್ವು. "ಯಾಕಿಲ್ಲ? ಸಾರಿಗೆ ಉಪ್ಪು ಹೆಚ್ಚಾದಾಗ ನೋಡ್ತಿದ್ರು. ಒಂದು ಮಾತು ಆಡ್ತಿದ್ದಿಲ್ಲ. ಗಂಗಾಳದಿಂದ ಮಾರಿ ಎತ್ತಿ, ಹಿಂಗ ಒಮ್ಮೆ. ಸಿಟ್ಟಿಲ್ಲ ಏನಿಲ್ಲ. ಹೋಗ್ಲಿ ಬಿಡು ಅಂದಂಗ. ಆಮ್ಯಾಲ ಪೂರಾ ಉಣ್ಣವರು." ಅತ್ತಿ ಅಕ್ಕಿ ನೋಡಕೋತ ನಕ್ರು. "ಒಂದೆರಡು ಸಲ ನಾ ಬೇಕಂತನ ಹಾಕೇನಿ."

ಸಿಕ್ತು ಅಂದೆ ಮನಸಿನ್ಯಾಗ. ಆ ನೋಟಾ ಮಗನಿಗೂ ಬಂದಿರಬೇಕು. ಐತವಾರ ಸಾರಿಗೆ ಎರಡು ಹಿಡಿ ಉಪ್ಪು ಸುರುವಿ, ನಮ್ಮನಿಯವರಿಗೆ ಬಡಸಿ, ಎದುರಿಗೆ ಕಾಗದಾ ಪೆನ್ಸಿಲ್ ಹಿಡಕೊಂಡು ಕುಂತೆ. ಮೊದಲನೇ ತುತ್ತು ಬಾಯಾಗ ಹೋತು. ಕೈ ನಿಂತಿತು. ಮಾರಿ ಮ್ಯಾಲೆದ್ದು ಬಂತು.

"ಹಂಗ ಇರ್ರಿ! ಅಳಗ್ಯಾಡಬ್ಯಾಡ್ರಿ!"

"ಉಪ್ಪು..."

"ಗೊತ್ತೈತ್ರಿ. ನುಂಗ್ರಿ. ಕಣ್ಣು ಮಾತ್ರ ಸರಸಬ್ಯಾಡ್ರಿ."

ಮೊದಲನೇ ತುತ್ತಿಗೆ ಬಂದ ನೋಟಾ ಬ್ಯಾರೇನ ಇತ್ತು, ಅದು ಬರೇ ಸಿಟ್ಟು. ಅತ್ತಿ ಹೇಳಿದ ಆ ಹೋಗ್ಲಿ ಬಿಡು ಬರಬೇಕಾದ್ರ ಪಾಪ ಅವರು ಇನ್ನೂ ಉಣಬೇಕಾತು. ಅನ್ನ ಅರ್ಧಾ ಆಗಿರಬೇಕು, ಬಂತು ನೋಡ್ರಿ. ನನ್ನ ಮ್ಯಾಲ ಇಷ್ಟು ಕನಿಕರ ಅವರ ಕಣ್ಣಾಗ ಐತಿ ಅಂತ ಲಗ್ನ ಆದಾಗಿಂದ ನನಗೂ ಗೊತ್ತಿದ್ದಿಲ್ಲ. ನಾ ನೋಡಾಕ ಕಲತದ್ದ ಮೊನ್ನೆ ಮೊನ್ನೆ, ಅಲ್ಲೇನ್ರಿ?

ಆ ಇಡೀ ವಾರ ನಮ್ಮನಿಯವರು ಕ್ಯಾಂಟೀನಿನ್ಯಾಗ ಉಂಡ್ರು.

ಸೆರಗು

ಚಿತ್ರಾ ಮುಗೀತು. ಕಡೀಕ ಕಣ್ಣಾಗ ಬೆಳಕಿನ ಚುಕ್ಕಿ ಬಿಟ್ಟೆ. ಚೌಕಟ್ಟು ಹಾಕಿಸಿ ತಂದು ಪಡಸಾಲ್ಯಾಗ ಖುರ್ಚಿ ಮ್ಯಾಲ ಇಟ್ಟೆ. ಹೊರಗ ಪಾವು-ಬ್ರೆಡ್ಡು ಮಾರಾಂವ ಸೈಕಲ್ ಮ್ಯಾಲ ಪೋಂ ಪೋಂ ಅಂತ ಹೊಂಟಿದ್ದ. ಅತ್ತಿ ಅಡಗಿ ಮನಿಯಿಂದ ಒದರಕೋತ ಬಂದ್ರು.

"ಏ, ಮತ್ತ ಹಾಲು ಉಕ್ಕಿಸಿದೇನ? ಪೆನ್ಸಿಲ್ ಕೈಯಾಗ ಬಂದ್ರ ನಿನಗ ಮನಿ ಐತೋ ಮಠ ಐತೋ..."

ಮಾತು ಅಲ್ಲೇ ನಿಂತಿತು. ಕೈ ತಾನ ಹಿಂದಕ್ಕ ಹೋತು. ಸೆರಗು ತಲಿ ಮ್ಯಾಲ ಬಂತು, ಹಣಿ ತನಕ ಇಳೀತು. ತಲಿ ತಗ್ಗಿತು. ನಾನೂ ನಮ್ಮನಿಯವರೂ ಬಾಜೂಕ ಸರದು ನಿಂತ್ವಿ. ಆಗ ಅತ್ತಿ, ನಾ ಇಷ್ಟು ವರ್ಷ ಕೇಳದ ಒಂದು ದನೀಲೆ, ಹಗೂರಕ ಕೇಳಿದ್ರು, "ಉಪ್ಪು ಹೆಚ್ಚಾತೇನ್ರಿ?"

ಆಮ್ಯಾಲ ತಲಿ ಎತ್ತಿ ನೋಡಿದ್ರು. ಎದರಾ ಎದರ, ಭಾಳ ಹೊತ್ತು. ಕಣ್ಣಾಗಿಂದ ದಳಾದಳಾ ನೀರು. ನನಗೂ ತಡಕೊಳ್ಳಾಕ ಆಗಲಿಲ್ಲ. ನಮ್ಮನಿಯವರು ಹಡಗಾ ನೋಡ್ತೇನಿ ಅಂತ ಗಚ್ಚಿಗೆ ಹ್ವಾದ್ರು.

ಮಧ್ಯಾಹ್ನ ಟಿವಿ ಮ್ಯಾಲಿನ ಗ್ವಾಡಿಗೆ ಚಿತ್ರಾ ಹಾಕಿದ್ವಿ. ಸಂಜೀಕ ಅತ್ತಿಯವರ ಸೀರಿಯಲ್ ಹೊತ್ತಾತು. ದಿನಾ ಆದ್ರ ಅವರು ಖುರ್ಚಿ ಮ್ಯಾಲ ಕುಂತು, ಸ್ಟೂಲಿನ ಮ್ಯಾಲ ಕಾಲು ಚಾಚಿ, ಚುರಮರಿ ತಿನಕೋತ, ಟಿವ್ಯಾಗಿನ ಸೊಸಿಗೆ ಬಾಯಿಗೆ ಬಂದಂಗ ಬೈತಿದ್ರು. ಅವತ್ತು ಖುರ್ಚಿ ಬಿಟ್ಟು ನೆಲದ ಮ್ಯಾಲ ಕುಂತ್ರು. ತಲಿ ಮ್ಯಾಲ ಸೆರಗು. ಟಿವಿ ದನಿ ಕೇಳ್ತೈತೋ ಇಲ್ಲೋ ಅನ್ನೂವಷ್ಟು. ಒಮ್ಮೆ ಟಿವ್ಯಾಗಿನ ಸೊಸಿನ್ನ ನೋಡ್ತಾರ, ಒಮ್ಮೆ ಮ್ಯಾಲ ನೋಡ್ತಾರ. ಚುರಮರಿ ಇಟ್ಟಲ್ಲೇ ಇತ್ತು.

ಅರ್ಧಾ ಸೀರಿಯಲ್ಲಿಗೆ ಎದ್ದು ಅಡಗಿ ಮನಿಗೆ ಬಂದು, ನನ್ನ ಕಿವಿ ಹತ್ರ ಬಾಯಿ ತಂದ್ರು.

"ಕಣ್ಣು ಭಾಳ ಚಲೋ ತಗದೀವಾ. ಅಗದೀ ಅವರವ. ನೂರು ವರ್ಷ ಬಾಳು." ಒಮ್ಮೆ ಪಡಸಾಲಿ ಕಡೆ ಹೊಳ್ಳಿ ನೋಡಿದ್ರು. "ಆದ್ರ ದಿನಾ ಸಂಜೀಕ ಒಂದು ಅರ್ಧಾ ತಾಸು ಮುಚ್ಚಾಕ ಬರ್ತಾವೇನು ನೋಡು."